ನಮ್ಮ ರಾಜ್ಯಕ್ಕೆ ಎರಡು ಮನೆ ಏಕೆ?

(ದ್ವಿತೀಯ ಪಿಯುಸಿ, ವಾಣಿಜ್ಯ ವಿಭಾಗ)

ದಿನಪತ್ರಿಕೆಯಲ್ಲಿ ಎಂಎಲ್‌ಎ, ಎಂಎಲ್‌ಸಿ ಎಂಬ ಎರಡು ಪದಗಳನ್ನು ನಾವೆಲ್ಲ ಓದುತ್ತೇವೆ. ಎಂಎಲ್‌ಎ ಯಾರು ಎಂದು ಕೇಳಿದರೆ ಗಂಗಾವತಿಯ ಚಿಕ್ಕ ಹುಡುಗನೂ ಹೇಳುತ್ತಾನೆ. ಎಂಎಲ್‌ಸಿ ಯಾರು, ಅವರನ್ನು ಯಾರು ಆರಿಸುತ್ತಾರೆ, ಅವರ ಕೆಲಸವೇನು ಎಂದು ಕೇಳಿದರೆ ದೊಡ್ಡವರೂ ಸ್ವಲ್ಪ ಯೋಚಿಸುತ್ತಾರೆ. ನಮ್ಮ ತರಗತಿಯಲ್ಲಿ ಹತ್ತು ಜನರನ್ನು ಕೇಳಿ ನೋಡಿದೆ. ಇಬ್ಬರು ಮಾತ್ರ "ಅದು ಮೇಲ್ಮನೆ" ಎಂದರು. ಮೇಲೆ ಏಕೆ, ಯಾವುದರ ಮೇಲೆ ಎಂದು ಕೇಳಿದಾಗ ಅವರೂ ಸುಮ್ಮನಾದರು. ಹಾಗಾಗಿ ನನಗೆ ತಿಳಿದಷ್ಟನ್ನು ಇಲ್ಲಿ ಬಿಡಿಸಿ ಬರೆಯುತ್ತಿದ್ದೇನೆ.

ಕನ್ನಡದಲ್ಲಿ ವಿಧಾನಸಭೆಗೆ ಕೆಳಮನೆ, ವಿಧಾನ ಪರಿಷತ್ತಿಗೆ ಮೇಲ್ಮನೆ ಎನ್ನುತ್ತಾರೆ. ನಮ್ಮ ಅಬ್ಬಾ ಓದುವ ಉರ್ದು ಪತ್ರಿಕೆಯಲ್ಲಿ ಮೇಲ್ಮನೆಗೆ 'ಐವಾನ್-ಎ-ಬಾಲಾ', ಕೆಳಮನೆಗೆ 'ಐವಾನ್-ಎ-ಜೇರೀನ್' ಎಂದು ಬರೆದಿರುತ್ತಾರೆ. ಅರ್ಥ ಒಂದೇ. ಆದರೆ ಹೆಸರು ನೋಡಿ ಮೋಸ ಹೋಗಬಾರದು. ಮೇಲ್ಮನೆಗೆ ಹೆಸರಿನಲ್ಲಿ ಮೇಲಿನ ಸ್ಥಾನ ಇದ್ದರೂ ಅಧಿಕಾರದಲ್ಲಿ ಕೆಳಮನೆಯೇ ದೊಡ್ಡದು. ಅದು ಹೇಗೆ ಎಂಬುದನ್ನು ಮುಂದೆ ನೋಡೋಣ.

ಯಾವ ರಾಜ್ಯಗಳಲ್ಲಿ ಎರಡು ಮನೆ?

ದೇಶದ ಎಲ್ಲ ರಾಜ್ಯಗಳಲ್ಲೂ ವಿಧಾನ ಪರಿಷತ್ತು ಇಲ್ಲ. ಈಗ ಕರ್ನಾಟಕ, ಮಹಾರಾಷ್ಟ್ರ, ಆಂಧ್ರಪ್ರದೇಶ, ತೆಲಂಗಾಣ, ಉತ್ತರ ಪ್ರದೇಶ ಮತ್ತು ಬಿಹಾರ ಈ ಆರು ರಾಜ್ಯಗಳಲ್ಲಿ ಮಾತ್ರ ಇದೆ. ಪಕ್ಕದ ತಮಿಳುನಾಡು 1986ರಲ್ಲಿ ತನ್ನ ಪರಿಷತ್ತನ್ನು ರದ್ದು ಮಾಡಿತು. ಆಂಧ್ರ 1985ರಲ್ಲಿ ರದ್ದು ಮಾಡಿ, 2007ರಲ್ಲಿ ಮತ್ತೆ ತಂದಿತು. 2020ರಲ್ಲಿ ಅಲ್ಲಿನ ವಿಧಾನಸಭೆ ಪುನಃ ರದ್ದು ಮಾಡುವ ನಿರ್ಣಯ ಮಾಡಿತು, ಮರುವರ್ಷ ಅದನ್ನು ತಾನೇ ಹಿಂದೆ ಪಡೆಯಿತು. ಹೀಗೆ ಬೇಕು, ಬೇಡ ಎಂಬ ಚರ್ಚೆ ಇನ್ನೂ ಮುಗಿದಿಲ್ಲ.

ಸಂವಿಧಾನದ 169ನೇ ವಿಧಿ ಇದಕ್ಕೆ ದಾರಿ ಹೇಳುತ್ತದೆ. ಪರಿಷತ್ತು ಬೇಕು ಅಥವಾ ಬೇಡ ಎಂದು ರಾಜ್ಯದ ವಿಧಾನಸಭೆ ವಿಶೇಷ ಬಹುಮತದಿಂದ ನಿರ್ಣಯ ಮಾಡಬೇಕು. ಆ ಮೇಲೆ ಸಂಸತ್ತು ಕಾನೂನು ಮಾಡಬೇಕು. ಇಲ್ಲಿ ಒಂದು ವಿಶೇಷ ಗಮನಿಸಿ: ಪರಿಷತ್ತು ಇರಬೇಕೋ ಬೇಡವೋ ಎಂದು ಪರಿಷತ್ತಿನವರನ್ನೇ ಕೇಳುವುದಿಲ್ಲ.

ನಮ್ಮ ನಾಲ್ಕು ತಾಲೂಕುಗಳಿಗೆ ಬಂದದ್ದು ಯಾವಾಗ?

ಹಳೆಯ ಮೈಸೂರಿನವರಿಗೆ ಎರಡು ಸಭೆ ಹೊಸದಲ್ಲ. 1881ರಲ್ಲಿ ಅಲ್ಲಿ ಪ್ರಜಾಪ್ರತಿನಿಧಿ ಸಭೆ ಶುರುವಾಯಿತು. ಆಗ ರಂಗಾಚಾರ್ಲು ದಿವಾನರಾಗಿದ್ದರು. ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ, 1907ರಲ್ಲಿ, ಕಾನೂನು ರಚನೆಗೆಂದು ಎರಡನೇ ಸಭೆ ಬಂತು. ಇಂದಿನ ವಿಧಾನ ಪರಿಷತ್ತು ತನ್ನ ವಯಸ್ಸನ್ನು ಆ 1907ರಿಂದಲೇ ಎಣಿಸುತ್ತದೆ.

ನಮ್ಮ ಕಥೆ ಬೇರೆ. ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾ ಆಗ ನಿಜಾಮರ ಹೈದರಾಬಾದ್ ಸಂಸ್ಥಾನದಲ್ಲಿದ್ದವು. ಕೊಪ್ಪಳ ಸಾಲಾರ್ ಜಂಗ್ ಮನೆತನದ ಜಾಗೀರು. 1948ರ ಸೆಪ್ಟೆಂಬರಿನಲ್ಲಿ ಹೈದರಾಬಾದ್ ಭಾರತದಲ್ಲಿ ಸೇರಿತು. 1952ರಲ್ಲಿ ಮೊದಲ ಚುನಾವಣೆ ನಡೆದಾಗ ಹೈದರಾಬಾದ್ ರಾಜ್ಯಕ್ಕೆ 175 ಸದಸ್ಯರ ವಿಧಾನಸಭೆ ಇತ್ತು, ಪರಿಷತ್ತು ಇರಲಿಲ್ಲ. 1956ರ ನವೆಂಬರ್ 1ರಂದು ರಾಯಚೂರು ಜಿಲ್ಲೆಯ ಜೊತೆ ನಾವು ಮೈಸೂರು ರಾಜ್ಯಕ್ಕೆ ಬಂದೆವು. ಎರಡನೇ ಮನೆ ನಮಗೆ ಸಿಕ್ಕಿದ್ದು ಆಗಲೇ. ಕೊಪ್ಪಳ ಪ್ರತ್ಯೇಕ ಜಿಲ್ಲೆಯಾದದ್ದು 1997ರಲ್ಲಿ.

ಯಾರು ಆರಿಸುತ್ತಾರೆ?

ವಿಧಾನಸಭೆಯ ಲೆಕ್ಕ ಸುಲಭ. ರಾಜ್ಯದಲ್ಲಿ 224 ಕ್ಷೇತ್ರಗಳು. ನಮ್ಮ ಜಿಲ್ಲೆಯಲ್ಲಿ ಐದು: ಕುಷ್ಟಗಿ, ಕನಕಗಿರಿ, ಗಂಗಾವತಿ, ಯಲಬುರ್ಗಾ, ಕೊಪ್ಪಳ. 18 ತುಂಬಿದ ಪ್ರತಿಯೊಬ್ಬರಿಗೂ ಒಂದು ಮತ. ಐದು ವರ್ಷದ ಅವಧಿ. ನಿಲ್ಲುವವರಿಗೆ ಕನಿಷ್ಠ 25 ವರ್ಷ ಆಗಿರಬೇಕು.

ಪರಿಷತ್ತಿನ ಲೆಕ್ಕ ನಮ್ಮ ಪಾಲುದಾರಿಕೆ ಸಂಸ್ಥೆಯ ಲೆಕ್ಕದಂತೆ, ಪಾಲು ಪಾಲಾಗಿ ಬರುತ್ತದೆ. ಒಟ್ಟು 75 ಸ್ಥಾನ. ಮೊದಲು 63 ಇತ್ತು, 1987ರಲ್ಲಿ 75 ಆಯಿತು. ಹಂಚಿಕೆ ಹೀಗಿದೆ:

ಸ್ಥಳೀಯ ಸಂಸ್ಥೆಗಳ ಸದಸ್ಯರು ಆರಿಸುವವರು 25.
ವಿಧಾನಸಭೆಯ ಸದಸ್ಯರು ಆರಿಸುವವರು 25.
ಪದವೀಧರರು ಆರಿಸುವವರು 7.
ಶಿಕ್ಷಕರು ಆರಿಸುವವರು 7.
ರಾಜ್ಯಪಾಲರು ನಾಮನಿರ್ದೇಶನ ಮಾಡುವವರು 11.

ಕೂಡಿಸಿದರೆ 75. ಇಲ್ಲಿ ನಿಲ್ಲಲು ಕನಿಷ್ಠ 30 ವರ್ಷ ಆಗಿರಬೇಕು. ಸದಸ್ಯರ ಅವಧಿ ಆರು ವರ್ಷ. ಎರಡು ವರ್ಷಕ್ಕೊಮ್ಮೆ ಮೂರನೇ ಒಂದು ಭಾಗ ನಿವೃತ್ತಿಯಾಗಿ, ಆ ಜಾಗಕ್ಕೆ ಹೊಸಬರು ಬರುತ್ತಾರೆ. ಹೀಗಾಗಿ ವಿಧಾನಸಭೆ ವಿಸರ್ಜನೆ ಆದರೂ ಪರಿಷತ್ತು ವಿಸರ್ಜನೆ ಆಗುವುದಿಲ್ಲ. ಅಂಗಡಿಯ ಮಾಲೀಕ ಬದಲಾದರೂ ಹಳೆಯ ಖಾತೆ ಪುಸ್ತಕ ಮುಂದುವರಿಯುವಂತೆ ಇದು ಮುಂದುವರಿಯುತ್ತದೆ.

ನಾಮನಿರ್ದೇಶನಕ್ಕೆ ಸಾಹಿತ್ಯ, ವಿಜ್ಞಾನ, ಕಲೆ, ಸಹಕಾರ ಚಳವಳಿ ಮತ್ತು ಸಮಾಜ ಸೇವೆ ಎಂಬ ಐದು ಕ್ಷೇತ್ರಗಳನ್ನು ಸಂವಿಧಾನ ಹೇಳಿದೆ. ವಾಣಿಜ್ಯ ವಿದ್ಯಾರ್ಥಿಗಳು ಇದನ್ನು ನೆನಪಿಡಬೇಕು: ರಾಜ್ಯಸಭೆಯ ನಾಮನಿರ್ದೇಶನದ ಪಟ್ಟಿಯಲ್ಲಿ ಸಹಕಾರ ಚಳವಳಿ ಇಲ್ಲ, ರಾಜ್ಯದ ಪರಿಷತ್ತಿನ ಪಟ್ಟಿಯಲ್ಲಿ ಇದೆ. ನಾವು ಪಾಠದಲ್ಲಿ ಓದುವ ಸಹಕಾರ ಸಂಘಕ್ಕೆ ಸಂವಿಧಾನ ಅಷ್ಟು ಬೆಲೆ ಕೊಟ್ಟಿದೆ. ಕವಿ ಸಿದ್ಧಲಿಂಗಯ್ಯ ಅವರಂಥವರು ಪರಿಷತ್ತಿನ ಸದಸ್ಯರಾಗಿದ್ದರು. ಊರೂರು ಸುತ್ತಿ ಓಟು ಕೇಳಿ ಗೆಲ್ಲುವುದು ಕವಿಗಳಿಗೂ ವಿಜ್ಞಾನಿಗಳಿಗೂ ಕಷ್ಟ. ಅಂಥವರ ಮಾತು ಕಾನೂನು ಮಾಡುವ ಕಡೆ ಕೇಳಲಿ ಎಂಬುದು ಇದರ ಉದ್ದೇಶ.

ನಮ್ಮ ಭಾಗದ ಲೆಕ್ಕ ನೋಡಿದರೆ, ಸ್ಥಳೀಯ ಸಂಸ್ಥೆಗಳಿಂದ ರಾಯಚೂರು ಮತ್ತು ಕೊಪ್ಪಳ ಎರಡೂ ಜಿಲ್ಲೆ ಸೇರಿ ಒಬ್ಬರು. ಗ್ರಾಮ ಪಂಚಾಯಿತಿ ಸದಸ್ಯರು, ಪಟ್ಟಣ ಪಂಚಾಯಿತಿ, ಪುರಸಭೆ, ನಗರಸಭೆ ಸದಸ್ಯರು ಇವರನ್ನು ಆರಿಸುತ್ತಾರೆ. ನಿಮ್ಮ ಓಣಿಯ ಪಂಚಾಯಿತಿ ಸದಸ್ಯರಿಗೆ ಬೆಂಗಳೂರಿನ ವಿಧಾನಸೌಧದವರೆಗೆ ಮುಟ್ಟುವ ಒಂದು ಮತ ಇದೆ ಎಂದಾಯಿತು. ಪದವೀಧರರಿಗೂ ಶಿಕ್ಷಕರಿಗೂ ಈಶಾನ್ಯ ಕ್ಷೇತ್ರ ಇದೆ. ಬೀದರ್, ಕಲಬುರಗಿ, ಯಾದಗಿರಿ, ರಾಯಚೂರು, ಕೊಪ್ಪಳ, ಬಳ್ಳಾರಿ, ವಿಜಯನಗರ ಇವೆಲ್ಲ ಅದರಲ್ಲಿವೆ. ಇಷ್ಟು ದೊಡ್ಡ ಪ್ರದೇಶಕ್ಕೆ ಪದವೀಧರರಿಂದ ಒಬ್ಬರು, ಶಿಕ್ಷಕರಿಂದ ಒಬ್ಬರು.

ನಮ್ಮ ಸರ್, ಮೇಡಂ ಅವರ ಮತ

ಶಿಕ್ಷಕರ ಕ್ಷೇತ್ರದಲ್ಲಿ ಎಲ್ಲ ಶಿಕ್ಷಕರಿಗೂ ಮತ ಇಲ್ಲ. ಪ್ರೌಢಶಾಲೆ ಅಥವಾ ಅದಕ್ಕಿಂತ ಮೇಲಿನ, ಸರ್ಕಾರ ಗುರುತಿಸಿದ ಸಂಸ್ಥೆಯಲ್ಲಿ ಕಳೆದ ಆರು ವರ್ಷಗಳಲ್ಲಿ ಒಟ್ಟು ಮೂರು ವರ್ಷವಾದರೂ ಕಲಿಸಿರಬೇಕು. ಹಾಗಾಗಿ ನಮ್ಮ ಉಪನ್ಯಾಸಕರಿಗೆ ಮತ ಇದೆ, ನಮಗೆ ಅಆಇಈ ಕಲಿಸಿದ ಪ್ರಾಥಮಿಕ ಶಾಲೆಯ ಟೀಚರಿಗೆ ಇಲ್ಲ. ಇದು ಸರಿಯೇ ಎಂದು ನೀವೇ ಯೋಚಿಸಿ.

ಶಿಕ್ಷಕರ ಕ್ಷೇತ್ರ ಎಂದಾಗ ನೆನಪಾಗುವ ಹೆಸರು ಬಸವರಾಜ ಹೊರಟ್ಟಿ. ಹುಬ್ಬಳ್ಳಿಯಲ್ಲಿ ದೈಹಿಕ ಶಿಕ್ಷಣ ಶಿಕ್ಷಕರಾಗಿದ್ದ ಅವರು 1980ರಿಂದ ಪಶ್ಚಿಮ ಶಿಕ್ಷಕರ ಕ್ಷೇತ್ರದಲ್ಲಿ ಎಂಟು ಸಲ ಗೆದ್ದಿದ್ದಾರೆ, ಪರಿಷತ್ತಿನ ಸಭಾಪತಿಯೂ ಆಗಿದ್ದಾರೆ. ಪರಿಷತ್ತಿನಲ್ಲಿ ಪೀಠದಲ್ಲಿ ಕೂರುವವರಿಗೆ ಸಭಾಪತಿ ಎನ್ನುತ್ತಾರೆ. ವಿಧಾನಸಭೆಯಲ್ಲಿ ಅದೇ ಸ್ಥಾನಕ್ಕೆ ಸಭಾಧ್ಯಕ್ಷ ಎನ್ನುತ್ತಾರೆ. 2023ರ ಮೇ ತಿಂಗಳಲ್ಲಿ ಯು.ಟಿ. ಖಾದರ್ ಆ ಸ್ಥಾನಕ್ಕೆ ಆಯ್ಕೆಯಾದರು.

ಪದವೀಧರ ಕ್ಷೇತ್ರದಲ್ಲಿ ಮತ ಹಾಕಲು ಪದವಿ ಮುಗಿದು ಮೂರು ವರ್ಷ ಆಗಿರಬೇಕು, ಆ ಕ್ಷೇತ್ರದಲ್ಲೇ ವಾಸ ಇರಬೇಕು, ನಮೂನೆ 18 ತುಂಬಿ ಹೆಸರು ಸೇರಿಸಬೇಕು. ಶಿಕ್ಷಕರಿಗೆ ನಮೂನೆ 19. ಸಾಮಾನ್ಯ ಮತದಾರರ ಪಟ್ಟಿಯಲ್ಲಿ ಹೆಸರು ಇದ್ದರೆ ಇಲ್ಲಿ ತಾನಾಗಿ ಬರುವುದಿಲ್ಲ. ಅಷ್ಟೇ ಅಲ್ಲ, ಪ್ರತಿ ಚುನಾವಣೆಗೂ ಪಟ್ಟಿಯನ್ನು ಹೊಸದಾಗಿ ಮಾಡುತ್ತಾರೆ. ಹಿಂದಿನ ಸಲ ಮತ ಹಾಕಿದವರೂ ಮತ್ತೆ ಅರ್ಜಿ ಕೊಡಬೇಕು. ಬಹಳ ಜನ ಪದವೀಧರರ ಹೆಸರು ಪಟ್ಟಿಯಲ್ಲಿ ಇಲ್ಲದಿರಲು ಇದೇ ಕಾರಣ.

ನಮ್ಮ ಆಪಾ ಬಿ.ಕಾಂ. ಮುಗಿಸಿದ್ದು 2019ರಲ್ಲಿ. 2024ರ ಜೂನ್ 3ರಂದು ಈಶಾನ್ಯ ಪದವೀಧರ ಕ್ಷೇತ್ರದ ಮತದಾನ ನಡೆದಾಗ ಅವಳು ಮೊದಲ ಬಾರಿ ಈ ಮತ ಹಾಕಿದಳು. "ಮಷಿನ್ ಇಲ್ಲ, ಬಟನ್ ಇಲ್ಲ. ದೊಡ್ಡ ಕಾಗದ ಕೊಟ್ಟರು, ಅವರೇ ಕೊಟ್ಟ ನೇರಳೆ ಪೆನ್ನಿನಿಂದ 1, 2, 3 ಎಂದು ಬರೆಯಬೇಕು" ಎಂದು ಹೇಳಿದಳು. ಬೇರೆ ಪೆನ್ನಿನಿಂದ ಬರೆದರೆ ಮತ ಕುಲಗೆಡುತ್ತದೆ. 1 ಎಂದು ಬರೆಯದೆ ಬರೀ 2, 3 ಬರೆದರೂ ಕುಲಗೆಡುತ್ತದೆ.

1, 2, 3 ಬರೆಯುವುದು ಏಕೆ?

ಇದಕ್ಕೆ ಪ್ರಾಶಸ್ತ್ಯ ಮತ ಎನ್ನುತ್ತಾರೆ. ಒಂದು ಸಣ್ಣ ಲೆಕ್ಕದಿಂದ ತಿಳಿಯೋಣ. ಒಂದು ಸ್ಥಾನಕ್ಕೆ ಮೂವರು ನಿಂತಿದ್ದಾರೆ, 100 ಮತ ಸಿಂಧುವಾಗಿವೆ ಎಂದುಕೊಳ್ಳಿ. ಗೆಲ್ಲಲು ಅರ್ಧಕ್ಕಿಂತ ಒಂದು ಹೆಚ್ಚು, ಅಂದರೆ 51 ಬೇಕು. ಮೊದಲ ಪ್ರಾಶಸ್ತ್ಯದ ಎಣಿಕೆಯಲ್ಲಿ ಒಬ್ಬರಿಗೆ 42, ಎರಡನೆಯವರಿಗೆ 35, ಮೂರನೆಯವರಿಗೆ 23 ಬಂದವು. ಯಾರಿಗೂ 51 ಬರಲಿಲ್ಲ. ಆಗ ಕಡಿಮೆ ಬಂದ ಮೂರನೆಯವರನ್ನು ಕೈಬಿಟ್ಟು, ಅವರ 23 ಮತಪತ್ರಗಳಲ್ಲಿ ಎರಡನೇ ಪ್ರಾಶಸ್ತ್ಯ ಯಾರಿಗಿದೆ ಎಂದು ನೋಡುತ್ತಾರೆ. ಅವುಗಳಲ್ಲಿ 17 ಎರಡನೆಯವರಿಗೆ, 4 ಮೊದಲನೆಯವರಿಗೆ ಹೋದವು, 2ರಲ್ಲಿ ಎರಡನೇ ಗುರುತೇ ಇಲ್ಲ. ಈಗ ಎರಡನೆಯವರಿಗೆ 35 ಕೂಡಿಸು 17, ಅಂದರೆ 52. ಅವರು ಗೆದ್ದರು. ಮೊದಲ ಸುತ್ತಿನಲ್ಲಿ ಹಿಂದೆ ಇದ್ದವರು ಕೊನೆಗೆ ಮುಂದೆ ಬಂದರು.

ವಿಧಾನಸಭೆ ಚುನಾವಣೆಯಲ್ಲಿ ಇದೇ ಲೆಕ್ಕಕ್ಕೆ 42 ಪಡೆದವರು ಗೆಲ್ಲುತ್ತಿದ್ದರು, 58 ಮಂದಿ ಬೇಡ ಎಂದಿದ್ದರೂ. ಎರಡರಲ್ಲಿ ಯಾವುದು ನ್ಯಾಯ ಎಂಬುದು ತರಗತಿಯಲ್ಲಿ ಚರ್ಚೆ ಮಾಡಲು ಒಳ್ಳೆಯ ವಿಷಯ.

ಮಸೂದೆ ಎಂಬ ಕಾಗದದ ಪ್ರಯಾಣ

ಕಾನೂನು ಆಗುವ ಮುಂಚೆ ಅದಕ್ಕೆ ಮಸೂದೆ ಎನ್ನುತ್ತಾರೆ. ಒಂದು ಮನೆಯಲ್ಲಿ ಮಂಡನೆ, ಚರ್ಚೆ, ಕಲಮು ಕಲಮಾಗಿ ಒಪ್ಪಿಗೆ ಆದ ಮೇಲೆ ಇನ್ನೊಂದು ಮನೆಗೆ ಹೋಗುತ್ತದೆ. ಅಲ್ಲೂ ಒಪ್ಪಿದರೆ ರಾಜ್ಯಪಾಲರ ಅಂಕಿತಕ್ಕೆ ಹೋಗುತ್ತದೆ. ಅಂಕಿತ ಬಿದ್ದು ರಾಜ್ಯಪತ್ರದಲ್ಲಿ ಪ್ರಕಟವಾದರೆ ಅದು ಕಾಯ್ದೆ.

ಎರಡು ಮನೆಗೂ ಒಮ್ಮತ ಆಗದಿದ್ದರೆ? ಇಲ್ಲಿಯೇ ಅಧಿಕಾರದ ನಿಜವಾದ ತೂಕ ಗೊತ್ತಾಗುವುದು. 197ನೇ ವಿಧಿಯ ಪ್ರಕಾರ ವಿಧಾನಸಭೆ ಕಳಿಸಿದ ಮಸೂದೆಯನ್ನು ಪರಿಷತ್ತು ಮೊದಲ ಸಲ ಮೂರು ತಿಂಗಳವರೆಗೆ ಇಟ್ಟುಕೊಳ್ಳಬಹುದು, ತಿದ್ದಬಹುದು, ತಿರಸ್ಕರಿಸಲೂಬಹುದು. ವಿಧಾನಸಭೆ ಅದನ್ನು ಮತ್ತೊಮ್ಮೆ ಒಪ್ಪಿ ಕಳಿಸಿದರೆ ಎರಡನೇ ಸಲ ಒಂದು ತಿಂಗಳು ಮಾತ್ರ ಸಮಯ. ಆ ಮೇಲೆ ಪರಿಷತ್ತು ಒಪ್ಪದಿದ್ದರೂ ಎರಡೂ ಮನೆ ಒಪ್ಪಿದಂತೆಯೇ ಲೆಕ್ಕ. ಹಣಕಾಸು ಮಸೂದೆಗೆ ಇನ್ನೂ ಕಡಿಮೆ, 14 ದಿನ ಮಾತ್ರ. ಸರ್ಕಾರ ಇರಬೇಕೋ ಬೀಳಬೇಕೋ ಎಂಬುದರಲ್ಲಂತೂ ಪರಿಷತ್ತಿಗೆ ಪಾತ್ರವೇ ಇಲ್ಲ. 2019ರ ಜುಲೈ 23ರಂದು ಎಚ್.ಡಿ. ಕುಮಾರಸ್ವಾಮಿ ಸರ್ಕಾರ ವಿಶ್ವಾಸಮತದಲ್ಲಿ 99ಕ್ಕೆ 105ರಿಂದ ಸೋತದ್ದು ವಿಧಾನಸಭೆಯಲ್ಲಿ.

ನಮ್ಮ ವಾಣಿಜ್ಯ ಪಾಠದ ಮಾತಿನಲ್ಲಿ ಹೇಳುವುದಾದರೆ ವಿಧಾನಸಭೆ ವ್ಯಾಪಾರ ನಡೆಸುವವರು, ಪರಿಷತ್ತು ಲೆಕ್ಕಪರಿಶೋಧಕರು ಇದ್ದಂತೆ. ಲೆಕ್ಕಪರಿಶೋಧಕರು ಅಂಗಡಿ ನಡೆಸುವುದಿಲ್ಲ, ಮಾಲೀಕನನ್ನು ಹೊರಗೆ ಹಾಕುವುದೂ ಇಲ್ಲ. ಆದರೆ "ಈ ಬಾಬ್ತು ಹೇಗೆ ಬಂತು, ರಸೀದಿ ಎಲ್ಲಿ" ಎಂದು ಕೇಳುತ್ತಾರೆ. ಕೇಳುವವರು ಒಬ್ಬರು ಇದ್ದಾರೆ ಎಂದು ಗೊತ್ತಿದ್ದರೇ ಬರೆಯುವವರ ಕೈ ಸ್ವಲ್ಪ ಹುಷಾರಾಗಿರುತ್ತದೆ.

ಈಚಿನ ಎರಡು ಉದಾಹರಣೆ

ಒಂದನೆಯದು 2020ರ ಭೂ ಸುಧಾರಣೆ ತಿದ್ದುಪಡಿ. ಕೃಷಿಕರಲ್ಲದವರೂ ಕೃಷಿ ಜಮೀನು ಕೊಳ್ಳಲು ದಾರಿ ಮಾಡಿದ ತಿದ್ದುಪಡಿ ಅದು. ಸೆಪ್ಟೆಂಬರಿನಲ್ಲಿ ವಿಧಾನಸಭೆ ಒಪ್ಪಿತು, ಆದರೆ ಆ ಅಧಿವೇಶನದಲ್ಲಿ ಪರಿಷತ್ತಿನಲ್ಲಿ ಒಪ್ಪಿಗೆ ಆಗಲಿಲ್ಲ. ಸರ್ಕಾರ ಸುಗ್ರೀವಾಜ್ಞೆಯ ಮೇಲೆ ನಡೆಯಬೇಕಾಯಿತು. ಪರಿಷತ್ತು ಒಪ್ಪಿದ್ದು ಡಿಸೆಂಬರ್ 8ರಂದು. ಆ ನಡುವಿನ ತಿಂಗಳುಗಳಲ್ಲಿ ರೈತ ಸಂಘಟನೆಗಳು ಬೀದಿಗಿಳಿದವು, ಪತ್ರಿಕೆಗಳಲ್ಲಿ ಚರ್ಚೆ ನಡೆಯಿತು.

ಎರಡನೆಯದು 2024ರ ಹಿಂದೂ ಧಾರ್ಮಿಕ ಸಂಸ್ಥೆಗಳ ಮತ್ತು ಧರ್ಮಾದಾಯ ದತ್ತಿಗಳ ತಿದ್ದುಪಡಿ ಮಸೂದೆ. ಹೆಚ್ಚು ಆದಾಯದ ದೇವಸ್ಥಾನಗಳು ಸಾಮಾನ್ಯ ನಿಧಿಗೆ ಎಷ್ಟು ಕೊಡಬೇಕು ಎಂಬ ವಿಷಯ ಅದರಲ್ಲಿತ್ತು. ವಿಧಾನಸಭೆ ಒಪ್ಪಿ ಎರಡೇ ದಿನಕ್ಕೆ, ಫೆಬ್ರವರಿ 23ರಂದು, ಪರಿಷತ್ತಿನಲ್ಲಿ ಧ್ವನಿಮತದಿಂದ ಬಿದ್ದುಹೋಯಿತು. ಅದೇ ತಿಂಗಳ ಕೊನೆಗೆ ವಿಧಾನಸಭೆ ಮತ್ತೊಮ್ಮೆ ಒಪ್ಪಿತು. ಮಸೂದೆ ಸರಿಯೋ ತಪ್ಪೋ ಎಂಬುದು ಇಲ್ಲಿ ನಮ್ಮ ವಿಷಯವಲ್ಲ. ಮೇಲ್ಮನೆ ಬೇಡ ಎನ್ನಬಹುದು, ಆದರೆ ಕೊನೆಯ ಮಾತು ಕೆಳಮನೆಯದು ಎಂಬುದಕ್ಕೆ ಇದಕ್ಕಿಂತ ಸ್ಪಷ್ಟ ಉದಾಹರಣೆ ಇಲ್ಲ.

ಈ ಎರಡು ವರ್ಷಗಳಲ್ಲಿ ಆಳುವ ಪಕ್ಷಗಳು ಬೇರೆ ಬೇರೆ. ಎರಡಕ್ಕೂ ವಿಧಾನಸಭೆಯಲ್ಲಿ ಬಹುಮತ ಇತ್ತು, ಪರಿಷತ್ತಿನಲ್ಲಿ ಇರಲಿಲ್ಲ. ವಿರೋಧದಲ್ಲಿದ್ದಾಗ ಪರಿಷತ್ತು ಎಲ್ಲರಿಗೂ ಬೇಕು, ಅಧಿಕಾರದಲ್ಲಿದ್ದಾಗ ಎಲ್ಲರಿಗೂ ತೊಡಕು.

ದೆಹಲಿಯ ಎರಡು ಮನೆ ಮತ್ತು ನಮ್ಮ 371ಜೆ

ದೇಶದ ಸಂಸತ್ತಿನಲ್ಲೂ ಎರಡು ಮನೆ. ಲೋಕಸಭೆಯಲ್ಲಿ 543 ಸ್ಥಾನ, ಅದರಲ್ಲಿ ಕರ್ನಾಟಕದ್ದು 28. ರಾಜ್ಯಸಭೆಯಲ್ಲಿ 245, ಅದರಲ್ಲಿ ನಮ್ಮ ರಾಜ್ಯದ್ದು 12. ಆದರೆ ರಾಜ್ಯಸಭೆಗೆ ನಮ್ಮ ವಿಧಾನ ಪರಿಷತ್ತಿಗಿಂತ ಹೆಚ್ಚು ಶಕ್ತಿ ಇದೆ. ಸಾಮಾನ್ಯ ಮಸೂದೆಯಲ್ಲಿ ಒಮ್ಮತ ಆಗದಿದ್ದರೆ ಎರಡೂ ಮನೆ ಸೇರಿ ಜಂಟಿ ಅಧಿವೇಶನ ನಡೆಸಬೇಕು. ಇದುವರೆಗೆ ಮಸೂದೆಗಾಗಿ ಹೀಗೆ ಸೇರಿದ್ದು ಮೂರು ಸಲ: 1961ರಲ್ಲಿ ವರದಕ್ಷಿಣೆ ನಿಷೇಧ, 1978ರಲ್ಲಿ ಬ್ಯಾಂಕಿಂಗ್ ಸೇವಾ ಆಯೋಗದ ರದ್ದತಿ, 2002ರಲ್ಲಿ ಪೋಟಾ. ರಾಜ್ಯಗಳಲ್ಲಿ ಜಂಟಿ ಅಧಿವೇಶನದ ದಾರಿ ಇಲ್ಲ.

ಸಂವಿಧಾನ ತಿದ್ದುಪಡಿಗೆ ಜಂಟಿ ಅಧಿವೇಶನವೂ ಇಲ್ಲ. ಎರಡು ಮನೆಯೂ ಬೇರೆ ಬೇರೆಯಾಗಿ, ಹಾಜರಿದ್ದು ಮತ ಹಾಕಿದವರಲ್ಲಿ ಮೂರನೇ ಎರಡು ಭಾಗದ ಬೆಂಬಲದಿಂದ ಒಪ್ಪಬೇಕು. ನಾವು ಲೆಕ್ಕಶಾಸ್ತ್ರದಲ್ಲಿ ಬರೆಯುವ ಜಿಎಸ್‌ಟಿ ಹಾಗೆ ಬಂದದ್ದು. 2015ರ ಮೇ ತಿಂಗಳಲ್ಲಿ ಲೋಕಸಭೆ ಒಪ್ಪಿದ ತಿದ್ದುಪಡಿ ರಾಜ್ಯಸಭೆಯಲ್ಲಿ ವರ್ಷಕ್ಕೂ ಹೆಚ್ಚು ಕಾಲ ನಿಂತಿತು. ಅದರಲ್ಲಿದ್ದ ಶೇ. 1ರ ಹೆಚ್ಚುವರಿ ತೆರಿಗೆಯನ್ನು ತೆಗೆದ ಮೇಲೆ 2016ರ ಆಗಸ್ಟ್ 3ರಂದು ರಾಜ್ಯಸಭೆ ಒಪ್ಪಿತು, ಆಗಸ್ಟ್ 8ರಂದು ಲೋಕಸಭೆ ಆ ಬದಲಾವಣೆಗೆ ಒಪ್ಪಿತು. ಮೇಲ್ಮನೆಯ ತಡೆಯಿಂದ ಒಂದು ತೆರಿಗೆಯೇ ಬಿಟ್ಟುಹೋಯಿತು.

ಇನ್ನೊಂದು ತಿದ್ದುಪಡಿ ನಮಗೆ ಇನ್ನೂ ಹತ್ತಿರದ್ದು. 371ಜೆ ಪ್ರಮಾಣಪತ್ರ ಮಾಡಿಸಲು ನಮ್ಮಲ್ಲಿ ಎಷ್ಟೋ ಜನ ತಹಶೀಲ್ದಾರ್ ಕಚೇರಿಗೆ ಹೋಗಿ ಬಂದಿದ್ದೇವೆ. ಸಂವಿಧಾನದ 98ನೇ ತಿದ್ದುಪಡಿಯಿಂದ ಬಂದ ವಿಧಿ ಅದು. 2012ರ ಡಿಸೆಂಬರಿನಲ್ಲಿ ಲೋಕಸಭೆ ಮತ್ತು ರಾಜ್ಯಸಭೆ ಎರಡೂ ಒಪ್ಪಿದವು. ಅದರ ಆಧಾರದ ಮೇಲೆ ನಮ್ಮ ಭಾಗದ ವಿಶ್ವವಿದ್ಯಾಲಯಗಳ ಶೇ. 70 ಸೀಟು ಸ್ಥಳೀಯರಿಗೆ, ರಾಜ್ಯಮಟ್ಟದ ಸಂಸ್ಥೆಗಳಲ್ಲಿ ಶೇ. 8 ಸೀಟು ನಮಗೆ ಮೀಸಲಾದವು. ಎರಡರಲ್ಲಿ ಒಂದು ಮನೆ ಬೇಡ ಎಂದಿದ್ದರೂ ಆ ಕಾಗದ ನಮ್ಮ ಕೈಗೆ ಬರುತ್ತಿರಲಿಲ್ಲ. ಸಂಸತ್ತು ದೂರದ ದೆಹಲಿಯಲ್ಲಿದೆ, ನಮಗೇನು ಎನ್ನುವವರು ತಮ್ಮ ಫೈಲಿನಲ್ಲಿರುವ ಆ ಪ್ರಮಾಣಪತ್ರವನ್ನು ಒಮ್ಮೆ ತೆಗೆದು ನೋಡಲಿ.

ಸಣ್ಣ ದೇಶವೊಂದರ ಮೇಲ್ಮನೆ

ಯುರೋಪಿನ ಐರ್ಲೆಂಡ್ ಸಣ್ಣ ದೇಶ. ಜನಸಂಖ್ಯೆ 50 ಲಕ್ಷ ದಾಟಿದೆ ಅಷ್ಟೇ. ನಮ್ಮ ಕೊಪ್ಪಳ ಜಿಲ್ಲೆಯಲ್ಲೇ 2011ರ ಗಣತಿಯಂತೆ ಸುಮಾರು 14 ಲಕ್ಷ ಜನ ಇದ್ದರು. ಅಷ್ಟು ಸಣ್ಣ ದೇಶಕ್ಕೂ ಎರಡು ಮನೆ: ಕೆಳಮನೆ ಡಾಲ್, ಮೇಲ್ಮನೆ ಶಾನಡ್. ನಮ್ಮ ಸಂವಿಧಾನ ಬರೆದವರು ಐರ್ಲೆಂಡಿನ 1937ರ ಸಂವಿಧಾನದಿಂದ ರಾಜ್ಯನೀತಿ ನಿರ್ದೇಶಕ ತತ್ವಗಳನ್ನೂ ರಾಜ್ಯಸಭೆಗೆ ನಾಮನಿರ್ದೇಶನ ಮಾಡುವ ಪದ್ಧತಿಯನ್ನೂ ತೆಗೆದುಕೊಂಡರು ಎಂದು ರಾಜ್ಯಶಾಸ್ತ್ರದ ಪುಸ್ತಕಗಳಲ್ಲಿ ಓದುತ್ತೇವೆ.

ಶಾನಡ್‌ನಲ್ಲಿ 60 ಸದಸ್ಯರು. ಕೃಷಿ, ಕಾರ್ಮಿಕ, ಕೈಗಾರಿಕೆ ಮತ್ತು ವಾಣಿಜ್ಯ, ಆಡಳಿತ, ಸಂಸ್ಕೃತಿ ಮತ್ತು ಶಿಕ್ಷಣ ಎಂಬ ಐದು ಗುಂಪುಗಳಿಂದ 43, ಪದವೀಧರರಿಂದ 6, ಪ್ರಧಾನಿ ನಾಮಕರಣ ಮಾಡುವವರು 11. ನಮ್ಮ ಪರಿಷತ್ತಿನಲ್ಲೂ ನಾಮನಿರ್ದೇಶನ 11. ಅಲ್ಲಿನ ಮೇಲ್ಮನೆ ಸಾಮಾನ್ಯ ಮಸೂದೆಯನ್ನು 90 ದಿನ, ಹಣಕಾಸು ಮಸೂದೆಯನ್ನು 21 ದಿನ ಮಾತ್ರ ತಡೆಯಬಹುದು. ಅಂದರೆ ಅದೂ ನಮ್ಮಂತೆಯೇ ತಡಮಾಡುವ ಮನೆ.

ಶಾನಡ್ ಬೇಕೋ ಬೇಡವೋ ಎಂದು 2013ರ ಅಕ್ಟೋಬರ್ 4ರಂದು ಅಲ್ಲಿ ಜನರನ್ನೇ ಕೇಳಿದರು. ಸರ್ಕಾರವೇ ರದ್ದು ಮಾಡೋಣ ಎಂದು ಹೇಳಿತ್ತು. ಶೇ. 51.7ರಷ್ಟು ಮಂದಿ ಉಳಿಯಲಿ ಎಂದರು. ಎರಡು ವಿಶ್ವವಿದ್ಯಾಲಯಗಳ ಪದವೀಧರರಿಗೆ ಮಾತ್ರ ಮತ ಕೊಟ್ಟು ಉಳಿದ ಕಾಲೇಜುಗಳ ಪದವೀಧರರನ್ನು ಬಿಟ್ಟದ್ದು ಸರಿಯಲ್ಲ ಎಂದು 2023ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟ್ ಹೇಳಿತು. ಮನೆ ಉಳಿಯಿತು, ಅದರ ಬಾಗಿಲು ಸ್ವಲ್ಪ ಅಗಲವಾಯಿತು.

ಬೇಕೇ, ಬೇಡವೇ?

ಈ ಲೇಖನಕ್ಕೆ ಟಿಪ್ಪಣಿ ಮಾಡುತ್ತಿದ್ದಾಗ ಅಮ್ಮಿ ಏನು ಬರೆಯುತ್ತಿದ್ದೀ ಎಂದು ಕೇಳಿದರು. ಹೇಳಿದೆ. "ಏಕ್ ಘರ್ ಬಸ್ ನೈ ಕ್ಯಾ?" ಎಂದರು. ಒಂದು ಮನೆ ಸಾಲದೇ ಎಂದು. ಬಹಳ ಜನರ ಪ್ರಶ್ನೆ ಇದೇ.

ಬೇಡ ಎನ್ನುವವರ ವಾದದಲ್ಲಿ ಹುರುಳಿದೆ. ಪರಿಷತ್ತಿಗೆ ಖರ್ಚು ಇದೆ. ವಿಧಾನಸಭೆ ಚುನಾವಣೆಯಲ್ಲಿ ಸೋತವರನ್ನು, ಟಿಕೆಟ್ ಸಿಗದವರನ್ನು ಸಮಾಧಾನ ಮಾಡಲು ಪಕ್ಷಗಳು ಅದನ್ನು ಬಳಸುತ್ತವೆ. ಪದವೀಧರ ಕ್ಷೇತ್ರಕ್ಕೆ ನಿಲ್ಲುವವರು ಪದವೀಧರರೇ ಆಗಿರಬೇಕೆಂದಿಲ್ಲ, ಶಿಕ್ಷಕರ ಕ್ಷೇತ್ರಕ್ಕೆ ನಿಲ್ಲುವವರು ಶಿಕ್ಷಕರೇ ಆಗಿರಬೇಕೆಂದಿಲ್ಲ. ಹಾಗಾದರೆ ಆ ಹೆಸರು ಏಕೆ ಎಂದು ಕೇಳಬಹುದು.

ಬೇಕು ಎನ್ನುವವರ ವಾದವೂ ಇದೆ. ಆತುರಗಾರನಿಗೆ ಬುದ್ಧಿ ಮಟ್ಟ ಎಂಬ ಗಾದೆ ಸರ್ಕಾರಗಳಿಗೂ ಸಲ್ಲುತ್ತದೆ. ಬಹುಮತ ಇರುವ ಸರ್ಕಾರ ಬೆಳಿಗ್ಗೆ ಮಂಡಿಸಿ ಸಂಜೆ ಕಾನೂನು ಮಾಡಬಹುದು. ನಾಲ್ಕು ತಿಂಗಳು ತಡವಾದರೆ ರೈತರಿಗೆ, ವ್ಯಾಪಾರಿಗಳಿಗೆ, ಅಲ್ಪಸಂಖ್ಯಾತರಿಗೆ, ಯಾರಿಗೆ ಅದು ತಟ್ಟುತ್ತದೋ ಅವರಿಗೆ ಮಾತಾಡಲು ಸಮಯ ಸಿಗುತ್ತದೆ. ಒಂದೇ ಊರಿನಲ್ಲಿ ಬಹುಮತ ಇಲ್ಲದ ಸಣ್ಣ ಸಮುದಾಯದವರಿಗೆ, ಹಣಬಲ ಇಲ್ಲದವರಿಗೆ ಪರಿಷತ್ತು ಒಂದು ಬಾಗಿಲು. ಸಚಿವರಾದವರು ಆರು ತಿಂಗಳೊಳಗೆ ಯಾವುದಾದರೂ ಮನೆಯ ಸದಸ್ಯರಾಗಬೇಕು ಎಂಬ ನಿಯಮ ಇದೆ. ನಮ್ಮ ಪಕ್ಕದ ರಾಯಚೂರಿನ ಎನ್.ಎಸ್. ಬೋಸರಾಜು 2023ರ ಮೇ ತಿಂಗಳಲ್ಲಿ ಸಚಿವರಾದಾಗ ಯಾವ ಮನೆಯಲ್ಲೂ ಇರಲಿಲ್ಲ. ಜೂನ್‌ನಲ್ಲಿ ಪರಿಷತ್ತಿಗೆ ಬಂದರು.

ನನ್ನ ಅಭಿಪ್ರಾಯ ಹೇಳುತ್ತೇನೆ, ಒಪ್ಪದವರು ಮುಂದಿನ ಸಂಚಿಕೆಗೆ ಬರೆಯಿರಿ. ಎರಡನೇ ಮನೆ ಇರಲಿ, ಆದರೆ ಅದರ ಬಾಗಿಲನ್ನು ಹೊಸ ಕಾಲಕ್ಕೆ ತಿದ್ದಬೇಕು. 1951ರಲ್ಲಿ ದೇಶದ ಸಾಕ್ಷರತೆ ಶೇ. 18ರ ಆಸುಪಾಸಿನಲ್ಲಿತ್ತು. ಆಗ ಪದವಿ ಇದ್ದವರು ಬಹಳ ಕಡಿಮೆ, ಅವರಿಗೆ ಬೇರೆ ಮತ ಕೊಟ್ಟಿದ್ದಕ್ಕೆ ಅರ್ಥ ಇತ್ತು. 2011ಕ್ಕೆ ನಮ್ಮ ಕೊಪ್ಪಳ ಜಿಲ್ಲೆಯಲ್ಲೇ ಶೇ. 68 ಸಾಕ್ಷರತೆ. ನಮ್ಮ ಅಬ್ಬಾ ಗಂಗಾವತಿಯ ರೈಸ್ ಮಿಲ್ಲಿನಲ್ಲಿ ಹಮಾಲಿ. ಏಳನೇ ತರಗತಿಯವರೆಗೆ ಓದಿದವರು. ಭತ್ತದ ದರ, ಕೂಲಿ ದರ, ಲಾರಿ ಬಾಡಿಗೆ ಇವುಗಳ ಬಗ್ಗೆ ಅವರಿಗೆ ಗೊತ್ತಿರುವುದು ಯಾವ ಪದವೀಧರನಿಗೂ ಕಡಿಮೆ ಇಲ್ಲ. ಐರ್ಲೆಂಡಿನಂತೆ ಕಾರ್ಮಿಕರಿಗೆ, ಕೃಷಿಗೆ, ವಾಣಿಜ್ಯಕ್ಕೆ ಪ್ರತ್ಯೇಕ ಸ್ಥಾನ ಇದ್ದರೆ ಅಂಥವರ ಮಾತೂ ಆ ಮನೆಯಲ್ಲಿ ಕೇಳಿಸುತ್ತಿತ್ತು. ಪ್ರಾಥಮಿಕ ಶಾಲೆಯ ಶಿಕ್ಷಕರಿಗೂ ಶಿಕ್ಷಕರ ಕ್ಷೇತ್ರದಲ್ಲಿ ಮತ ಸಿಗಬೇಕು ಎಂಬುದೂ ನನ್ನ ಮಾತು.

ಅದು ಆಗುವವರೆಗೆ ಇರುವ ಹಕ್ಕನ್ನಾದರೂ ಬಳಸೋಣ. ಮನೆಯಲ್ಲಿ ಪದವಿ ಮುಗಿಸಿದ ಅಣ್ಣ, ಅಕ್ಕ, ಆಪಾ, ಭಾಯಿ ಯಾರಿದ್ದರೂ ಅವರಿಗೆ ನಮೂನೆ 18ರ ಬಗ್ಗೆ ಹೇಳಿ. ಈಶಾನ್ಯ ಪದವೀಧರ ಕ್ಷೇತ್ರದ ಮುಂದಿನ ಚುನಾವಣೆ 2030ರಲ್ಲಿ ಬರಬೇಕು. ಅದಕ್ಕೆ ಹಿಂದಿನ ವರ್ಷದ ನವೆಂಬರ್ 1ನ್ನು ಆಧಾರ ದಿನವಾಗಿ ಇಟ್ಟು ಪಟ್ಟಿ ಮಾಡುತ್ತಾರೆ. ನನ್ನ ಲೆಕ್ಕ ಹಾಕಿ ನೋಡಿದೆ. 2026ರಲ್ಲಿ ಪಿಯುಸಿ, 2029ರಲ್ಲಿ ಬಿ.ಕಾಂ. ಮುಗಿದರೆ, ಮೂರು ವರ್ಷ ತುಂಬುವುದು 2032ಕ್ಕೆ. ಹಾಗಾಗಿ 2030 ತಪ್ಪುತ್ತದೆ. ನನ್ನ ಮೊದಲ ಪದವೀಧರ ಮತ 2036ರಲ್ಲಿ. ಆಗ ನನಗೆ 28ರ ಆಸುಪಾಸು. ವಿಧಾನಸಭೆಯ ಮತವಾದರೆ 2028ರಲ್ಲೇ ಬರುತ್ತದೆ.

ನಿಮ್ಮ ಲೆಕ್ಕವನ್ನೂ ಹಾಗೇ ಹಾಕಿ ನೋಡಿ. ವರ್ಷವನ್ನು ಪುಸ್ತಕದ ಹಿಂದಿನ ಪುಟದಲ್ಲಿ ಬರೆದಿಡಿ.